ಮುಂದಿನ ಶಿಬಿರ ಮಧುಗಿರಿ ಬೆಟ್ಟದ ಬುಡದಲ್ಲಿ ಆಗಲಿ

ಕ್ರೈಸ್ತ ಬರಹಗಾರರ ಶಿಬಿರದ ಸಂಚಾಲಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಯ್ಯನವರೇ, ಶಿಬಿರ ನಡೆಸಿಕೊಟ್ಟ ಹಿರಿಯರೇ, ಜೊತೆಯಲ್ಲಿದ್ದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,



ನೀಲಗಿರಿಯಿಂದ ಊರಿಗೆ ಮರಳಿ ಮೂರು ವಾರವಾಯಿತು. ಶಿಬಿರ ಹೇಗಿತ್ತೆಂದು ಎರಡು ಸಾಲು ಬರೆದು ಕಳಿಸಿ ಎಂದು ಹೊರಡುವ ದಿನ ಎಲ್ಲರನ್ನೂ ಕೇಳಿದ್ದಿರಿ. ನನ್ನ ಮಾತು ಎರಡು ಸಾಲಿಗೆ ಮುಗಿಯುವುದಿಲ್ಲ. ನಿಮಗೆ ಮಾತ್ರ ಹೇಳಿ ಸುಮ್ಮನಾಗುವ ಮಾತೂ ಅಲ್ಲ. ಕನ್ನಡದಲ್ಲಿ ಪ್ರಾರ್ಥನೆ ಮಾಡುವ, ಕನ್ನಡದಲ್ಲಿ ಬರೆಯಬೇಕೆಂದು ಆಸೆಪಡುವ ಎಲ್ಲರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಮಧುಗಿರಿ, ಪಾವಗಡ ತಾಲ್ಲೂಕುಗಳ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಭಾನುವಾರ ಸಭೆಯ ಮಕ್ಕಳಿಗೆ ಸಂಡೇ ಸ್ಕೂಲು. ಕ್ರಿಸ್‌ಮಸ್ ಬಂದರೆ ಒಂದು ನಾಟಕ ಬರೆಯಬೇಕು, ಸಭೆಯ ಮಾಸಪತ್ರಿಕೆಗೆ ತಿಂಗಳಿಗೊಂದು ಪುಟ ತುಂಬಬೇಕು. ನಾನು ಮಾಡಿದ ಸಾಹಿತ್ಯ ಇಷ್ಟೇ. ಅದನ್ನೇ ನಂಬಿ ನನ್ನನ್ನೂ ಬರಹಗಾರಳೆಂದು ಕರೆದಿರಿ. ನಾಲ್ಕು ದಿನ ಊಟ, ಹಾಸಿಗೆ, ಮೌನ ಎಲ್ಲ ಕೊಟ್ಟಿರಿ. ಮನೆಯಲ್ಲಿ ಒಲೆ, ಮೊಮ್ಮಕ್ಕಳು, ನೀರಿನ ಸರದಿ ಇವುಗಳ ನಡುವೆ ಬರೆಯುವ ಹೆಂಗಸಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಎಂದರೆ ಏನೆಂದು ನಿಮಗೆ ಗೊತ್ತಿತ್ತು. ಆ ಉಪಕಾರವನ್ನು ನಾನು ಮರೆಯುವುದಿಲ್ಲ.

ನಮ್ಮದು ಬಯಲುಸೀಮೆ. ಮಧುಗಿರಿಯಿಂದ ತುಮಕೂರು, ಅಲ್ಲಿಂದ ಬೆಂಗಳೂರು, ಮೈಸೂರು, ಗುಂಡ್ಲುಪೇಟೆ, ಬಂಡೀಪುರದ ಕಾಡು, ಆಮೇಲೆ ಘಾಟಿ. ಬಸ್ಸು ಒಂದೊಂದು ತಿರುವು ಹತ್ತುವಾಗಲೂ ಕಿವಿ ಗವ್ ಎನ್ನುತ್ತಿತ್ತು. ದಾರಿಯ ಪಕ್ಕದ ಬಂಡೆಯಿಂದ ನೀರು ತಾನಾಗಿ ಇಳಿಯುತ್ತಿತ್ತು. ಕೊಡ ಹಿಡಿದು ಅದರ ಕೆಳಗೆ ಯಾರೂ ನಿಂತಿರಲಿಲ್ಲ. ಯಾರೂ ಹಿಡಿಯದೆ ಹರಿದುಹೋಗುವ ನೀರನ್ನು ನೋಡಿ ನನಗೆ ಮೊದಲು ಬಂದದ್ದು ಸಂತೋಷವಲ್ಲ, ಸಂಕಟ. ಪಾವಗಡದಲ್ಲಿ ಹನ್ನೊಂದು ವರ್ಷ ಇದ್ದವಳು ನಾನು.

ಎರಡನೆಯ ದಿನ ಬೆಳಿಗ್ಗೆ ಹುಲ್ಲಿನ ಮೇಲೆ ಬೆಳ್ಳಗೆ ಹಾಸಿಕೊಂಡಿತ್ತಲ್ಲ, ಅದನ್ನು ಕೈಯಲ್ಲಿ ಮುಟ್ಟಿ ನೋಡಿದೆ. ಹಿಮ ಎಂಬ ಮಾತನ್ನು ಸತ್ಯವೇದದಲ್ಲಿ ಚಿಕ್ಕಂದಿನಿಂದ ಓದಿದ್ದೆ. ಪಾಪ ತೊಳೆದು ಹಿಮದಷ್ಟು ಬೆಳ್ಳಗಾಗುವ ವಿಷಯವನ್ನು ಮಕ್ಕಳಿಗೆ ಹೇಳುವಾಗ ಬೀಜ ತೆಗೆದ ಹತ್ತಿಯನ್ನು ತೋರಿಸುತ್ತಿದ್ದೆ. ಅರವತ್ತು ದಾಟಿದ ಮೇಲೆ ಆ ಒಂದು ಪದ ನನ್ನ ಬೆರಳಿಗೆ ಸಿಕ್ಕಿತು. ನಿಮ್ಮ ಬೆಟ್ಟ ನನಗೆ ಒಂದು ಪದ ಕೊಟ್ಟಿತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾನು ಮುಂದೆ ಕೇಳುವುದು ಅಂಥ ಇನ್ನೂರು ಪದಗಳ ವಿಷಯ.

ಮೊದಲ ದಿನ ಸಂಜೆಯ ಅಭ್ಯಾಸ ನೆನಪಿದೆಯೇ? ಕಿಟಕಿಯ ಹೊರಗೆ ನೋಡಿ, ದೇವರ ಸನ್ನಿಧಿಯನ್ನು ಬರೆಯಿರಿ ಎಂದಿರಿ. ಎಲ್ಲರೂ ಬರೆದರು. ಓದಿದಾಗ ಎಲ್ಲದರಲ್ಲೂ ಮಂಜು, ಹಸುರು, ಎತ್ತರದ ಮರ, ನಿಶ್ಶಬ್ದ. ರಾಯಚೂರಿನವರು ಬರೆದದ್ದೂ ಅದೇ, ಚಾಮರಾಜನಗರದವರು ಬರೆದದ್ದೂ ಅದೇ. ನಾನು ಬರೆಯಲಾರದೆ ಕೂತೆ. ರಾತ್ರಿ ಕೋಣೆಗೆ ಹೋಗಿ ಬೇರೆಯದೇ ಬರೆದೆ.

ಅದು ಪಾವಗಡದ ಕಡೆ ಒಂದು ಹಳ್ಳಿಯ ಸಂಡೇ ಸ್ಕೂಲಿನಲ್ಲಿ ನಡೆದದ್ದು. ಸಮಾರ್ಯದ ಹೆಂಗಸಿನ ಕಥೆ ಹೇಳುತ್ತಿದ್ದೆ. ಯೇಸು ಬಾವಿಯ ಹತ್ತಿರ ಕೂತಿದ್ದಾನೆ, ನಡುಮಧ್ಯಾಹ್ನ, ಒಬ್ಬ ಹೆಂಗಸು ನೀರಿಗೆ ಬರುತ್ತಾಳೆ. ಆ ಬಿಸಿಲಲ್ಲಿ ಯಾಕೆ ಬಂದಳು ಎಂದು ಕೇಳಿದೆ. ಐದನೇ ಕ್ಲಾಸಿನ ಹುಡುಗಿ ಎದ್ದು, "ಬೆಳಿಗ್ಗೆ ಬಂದ್ರೆ ಅವ್ಳನ್ನ ಸರದೀಲಿ ಸೇರಿಸ್ತಿರ್ಲಿಲ್ಲ ಅನ್ಸುತ್ತೆ ಮಿಸ್" ಅಂದಳು. ಆ ಹುಡುಗಿಯ ಹಲ್ಲುಗಳಲ್ಲಿ ಫ್ಲೋರೈಡ್ ನೀರಿನ ಕಂದು ಗೆರೆಗಳಿದ್ದವು. ಮನೆಗೆ ಹೋಗುವಾಗ ಅವಳು ಐದು ರೂಪಾಯಿ ನಾಣ್ಯ ಹಿಡಿದು ಫಿಲ್ಟರ್ ನೀರಿನ ಘಟಕದ ಮುಂದೆ ಕ್ಯಾನು ಇಟ್ಟುಕೊಂಡು ನಿಲ್ಲಬೇಕಿತ್ತು. ನಾನು ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ. ಆ ಬಾವಿಯ ಹತ್ತಿರ ನನ್ನನ್ನು ಅಷ್ಟು ಸಮೀಪ ಕರೆದುಕೊಂಡು ಹೋದ ಪ್ರಸಂಗ ಬೇರೊಂದಿಲ್ಲ.

ಮರುದಿನ ಅದನ್ನು ಓದಿದೆ. ತಿದ್ದಿಕೊಡುವವರು ಪ್ರೀತಿಯಿಂದಲೇ ಹೇಳಿದರು: ಊರಿನ ಹೆಸರು, ಕ್ಯಾನು, ನಾಣ್ಯ ಇವನ್ನೆಲ್ಲ ತೆಗೆದರೆ ಎಲ್ಲರಿಗೂ ಸಲ್ಲುವ ಬರಹವಾಗುತ್ತದೆ. ನಾನು ತೆಗೆಯಲಿಲ್ಲ. ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ಸುವಾರ್ತೆ ಬರೆದವನು ಊರಿನ ಹೆಸರು ಹೇಳಿದ್ದಾನೆ, ಬಾವಿ ಯಾರದೆಂದು ಹೇಳಿದ್ದಾನೆ, ಗಳಿಗೆ ಎಷ್ಟೆಂದು ಹೇಳಿದ್ದಾನೆ, ಕೊನೆಗೆ ಆಕೆ ಬಿಟ್ಟುಹೋದ ಕೊಡವನ್ನೂ ಹೇಳಿದ್ದಾನೆ. ಎಲ್ಲರಿಗೂ ಸಲ್ಲಲಿ ಎಂದು ಅವನು ಕೊಡವನ್ನು ತೆಗೆದುಹಾಕಲಿಲ್ಲ.

ಶಿಬಿರದಲ್ಲಿ ನನಗೆ ಹೆಚ್ಚು ಕಲಿಸಿದವರು ಅಡುಗೆಮನೆಯಲ್ಲಿದ್ದರು. ಅಲ್ಲಿ ಕೆಲಸಕ್ಕೆ ಬರುತ್ತಿದ್ದ ಬಡಗ ಹೆಂಗಸು ಮೊದಲ ದಿನ ತಮಿಳಿನಲ್ಲಿ ಏನೋ ಕೇಳಿದರು, ನನಗೆ ತಿಳಿಯಲಿಲ್ಲ. ಆಮೇಲೆ ತಮ್ಮ ಮನೆಮಾತಿನಲ್ಲಿ ಮಗಳೊಂದಿಗೆ ಮಾತಾಡುತ್ತಿದ್ದಾಗ ನಾನು ನಿಂತುಬಿಟ್ಟೆ. ನಮ್ಮ ಅಜ್ಜಿಯ ಬಾಯಲ್ಲಿದ್ದ ಕನ್ನಡವನ್ನು ಯಾರೋ ಬೇರೆ ರಾಗದಲ್ಲಿ ಆಡಿದಂತಿತ್ತು. ಅವರ ಊರನ್ನು ಅವರು ಹಟ್ಟಿ ಎಂದರು. ನಮ್ಮ ಶಿರಾ ಸೀಮೆಯಲ್ಲಿ ಗೊಲ್ಲರಹಟ್ಟಿಗಳು ಎಷ್ಟಿಲ್ಲ! ಬಡಗ ಎಂದರೆ ಬಡಗಣ ದಿಕ್ಕಿನವರು. ನೂರಾರು ವರ್ಷಗಳ ಹಿಂದೆ ಮೈಸೂರು ಸೀಮೆಯ ಬಯಲಿನಿಂದ ಮಲೆ ಹತ್ತಿದವರು. ನನ್ನ ಹಾಗೆಯೇ ಬಯಲಿನವರು, ನನಗಿಂತ ಬಹಳ ಮೊದಲು ಬಂದವರು. ನಾಲ್ಕು ದಿನದಲ್ಲಿ ಒಂದು ಗೋಷ್ಠಿಗಾದರೂ ಅವರನ್ನು ಒಳಗೆ ಕರೆದು ಕೂರಿಸಿಕೊಳ್ಳಬಹುದಿತ್ತು. ಬಾಸೆಲ್ ಮಿಶನ್ನಿನವರು ಆ ಕೆಲಸವನ್ನು ಎಂದೋ ಮಾಡಿದ್ದರು. 1846ರಲ್ಲಿ ನೀಲಗಿರಿಯ ಕೇತಿಯಲ್ಲಿ ಠಾಣೆ ಹಾಕಿದವರು ಬಡಗರ ಹಟ್ಟಿಗಳಿಗೆ ಹೋಗಿ ಮಾತು ಕಲಿತರು. 1852ರಲ್ಲಿ ಲೂಕನ ಸುವಾರ್ತೆ ಬಡಗ ನುಡಿಯಲ್ಲಿ ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಅದೇ ಕೇತಿಯ ತಂಪಿನಲ್ಲಿ ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಬೈಬಲ್ಲನ್ನು ತಿದ್ದುವ ಕೆಲಸದಲ್ಲಿ ತೊಡಗಿದ್ದರು. ಹಾಗಾಗಿ ಬೆಟ್ಟಕ್ಕೆ ಹೋಗಿ ಬರೆಯುವುದು ತಪ್ಪೆಂದು ನಾನು ಹೇಳಲಾರೆ.

ಆದರೆ ಇಡೀ ಬೈಬಲ್ ಮೊದಲು ಕನ್ನಡಕ್ಕೆ ಬಂದದ್ದು ಎಲ್ಲಿ? ಬಳ್ಳಾರಿಯಲ್ಲಿ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಆ ಊರಿಗೆ ಬಂದರು. ಇಡೀ ಗ್ರಂಥ ಅಚ್ಚಾಗುವಷ್ಟರಲ್ಲಿ 1830ರ ದಶಕ ಬಂದಿತ್ತು. ಇಪ್ಪತ್ತು ವರ್ಷ, ಬಳ್ಳಾರಿಯ ಬಿಸಿಲು! ಬಳ್ಳಾರಿ ನಮ್ಮ ಪಾವಗಡಕ್ಕೆ ಬಡಗಲಲ್ಲಿದೆ. ನಮ್ಮಲ್ಲಿರುವ ಹಾಗೆಯೇ ಅಲ್ಲೂ ಊರ ನಡುವೆ ಬೋಳು ಬಂಡೆ, ಬಂಡೆಯ ಮೇಲೆ ಕೋಟೆ. ಕೀರ್ತನೆಗಳಲ್ಲಿ ದೇವರನ್ನು ಬಂಡೆ, ಕೋಟೆ, ದುರ್ಗ ಎಂದು ಕರೆಯುವ ಕಡೆಗೆ ಬಂದಾಗ ಆ ಅನುವಾದಕರಿಗೂ ಅವರ ಜೊತೆ ಕೂತ ಮುನ್ಷಿಗಳಿಗೂ ತಡಕಾಡುವ ಕಷ್ಟವಿರಲಿಲ್ಲವೆಂದು ನಾನು ನಂಬಿದ್ದೇನೆ. ಕತ್ತೆತ್ತಿದರೆ ಸಾಕಿತ್ತು.

ನಮ್ಮ ಜಿಲ್ಲೆಯ ಗುಬ್ಬಿಯನ್ನೇ ನೋಡಿ. ವೆಸ್ಲಿಯನ್ ಮಿಶನ್ನಿನ ವಿಲಿಯಂ ಆರ್ಥರ್ 1839ರಲ್ಲಿ ಅಲ್ಲಿಗೆ ಬಂದವರು. ಅವರು ಇದ್ದದ್ದು ಸ್ವಲ್ಪ ಕಾಲ, ಆರೋಗ್ಯ ಕೆಟ್ಟು ಹಿಂದಿರುಗಿದರು. ಆದರೂ 1847ರಲ್ಲಿ ಮೈಸೂರು ಸೀಮೆಯ ಮಿಶನ್ ಬಗ್ಗೆ ಪುಸ್ತಕ ಬರೆಯುವಷ್ಟು ಈ ಬಯಲು ಅವರೊಳಗೆ ಇಳಿದಿತ್ತು. ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕರಾವಳಿಯ ತಟ್ಟೆಯಂಥ ಸಮನೆಲದಲ್ಲಿ. ಇಲ್ಲಿಗೆ ಬಂದ ಮೇಲೆ ಮಡಿಕೇರಿಯ ಮಲೆಯಲ್ಲೂ ಇದ್ದರು, ಧಾರವಾಡದಲ್ಲೂ ಇದ್ದರು, ಮಂಗಳೂರಿನಲ್ಲೂ ಇದ್ದರು. 1894ರ ಅವರ ನಿಘಂಟಿನ ಸುಮಾರು 70,000 ಪದಗಳು ಹಳಗನ್ನಡದ ಗ್ರಂಥಗಳಿಂದ ಮಾತ್ರ ಬಂದವಲ್ಲ. ಜನರ ಬಾಯಿಂದ ಹೆಕ್ಕಿದ ಗಾದೆಗಳು ಅದರಲ್ಲಿ ತುಂಬಿವೆ. ಅದಕ್ಕೂ ಮೊದಲು, 1862ರಲ್ಲಿ, ಕ್ರಿಸ್ತನ ಕಥೆಯನ್ನು ಕನ್ನಡದ ಮಟ್ಟುಗಳಲ್ಲೇ ಹಾಡಿ ಕಥಾಮಾಲೆ ಎಂದು ಹೆಸರಿಟ್ಟರು. ಕನ್ನಡಿಗರು ತಲೆದೂಗುವುದು ಯಾವ ಲಯಕ್ಕೆ ಎಂದು ಕಿವಿಗೊಟ್ಟು ಕೇಳಿದವರು ಮಾತ್ರ ಆ ಕೆಲಸಕ್ಕೆ ಕೈಹಾಕುತ್ತಾರೆ.

ಉತ್ತಂಗಿ ಚೆನ್ನಪ್ಪನವರ ಹೆಸರು ಶಿಬಿರದಲ್ಲಿ ಒಮ್ಮೆಯೂ ಬರಲಿಲ್ಲ. ಅದರಿಂದ ನನಗೆ ತುಂಬ ನೋವಾಯಿತು. ಸಭಾಪಾಲಕರು, ತಿರುಳ್ಗನ್ನಡದ ತಿರುಕನೆಂದು ತಮ್ಮನ್ನು ಕರೆದುಕೊಂಡವರು. ಊರೂರು ತಿರುಗಿ, ಓಲೆಗರಿ ಹುಡುಕಿ, ಹಾಡುವವರ ಮುಂದೆ ಕೂತು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಹೊರತಂದವರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ಒಬ್ಬ ಕ್ರೈಸ್ತ ಬರಹಗಾರ ಕನ್ನಡಕ್ಕೆ ಏನಾಗಬಹುದು ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲೇ ಇಂಥ ಉತ್ತರ ಇರುವಾಗ, ನಾಲ್ಕು ದಿನವೂ ನಾವು ಸಮುದ್ರದಾಚೆಯ ಲೇಖಕರ ಮಾದರಿಗಳನ್ನೇ ಓದಿದೆವು. ಅವರೂ ದೊಡ್ಡವರೇ. ಆದರೆ ಹಡಗಲಿ ಸೀಮೆಯ ಧೂಳಿನಲ್ಲಿ ನಡೆದ ಆ ಹಿರಿಯರ ಕಾಲಿನ ಗುರುತು ನಮ್ಮ ಹುಡುಗರಿಗೆ ಯಾರು ತೋರಿಸಬೇಕು?

ಇನ್ನು ನಮ್ಮ ಹುಡುಗರ ವಿಷಯ. ನಮ್ಮ ಕಡೆಯಿಂದ ಇನ್ನೂ ಮೂವರು ಬರಬೇಕಿತ್ತು. ಒಬ್ಬಳು ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಒಬ್ಬ ಶೇಂಗಾ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ, ಮೂರನೆಯವನು ಪದವಿ ಓದುತ್ತಿದ್ದಾನೆ. ಶುಲ್ಕ, ಬಸ್ಸಿನ ಖರ್ಚು, ನಾಲ್ಕು ದಿನದ ಕೂಲಿ ಎಲ್ಲ ಕೂಡಿಸಿ ನೋಡಿ ಮೂವರೂ ಹಿಂದೆ ಸರಿದರು. ನಮ್ಮ ಸಭೆಯ ಬಹುಪಾಲು ಜನ ಕೂಲಿ ಮಾಡುವವರು. ಬಂದಿದ್ದರೂ ಅವರಿಗೆ ಕಷ್ಟವಾಗುತ್ತಿತ್ತು. ಮುಖ್ಯ ಗೋಷ್ಠಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಆ ಗಾರ್ಮೆಂಟ್ಸಿನ ಹುಡುಗಿ ಬರೆದ ಒಂದು ಪ್ರಾರ್ಥನೆ ನನ್ನ ಹತ್ತಿರ ಇದೆ. ಮೂವತ್ತು ವರ್ಷದಲ್ಲಿ ಅಂಥದ್ದನ್ನು ನಾನು ಬರೆದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ: ಮುಂದಿನ ಶಿಬಿರವನ್ನು ನಮ್ಮಲ್ಲಿ ಮಾಡಿ.

ಬೆಟ್ಟವೇ ಬೇಕೆಂದರೆ ನಮ್ಮಲ್ಲಿ ಬೆಟ್ಟಕ್ಕೆ ಬರವಿಲ್ಲ. ಮಧುಗಿರಿಯದು ಇಡೀ ಒಂದೇ ಕಲ್ಲು, ಸುಮಾರು 3,900 ಅಡಿ ಎತ್ತರ. ನೆತ್ತಿಯವರೆಗೂ ಹತ್ತಬೇಕಿಲ್ಲ. ಕಲ್ಲಿನಲ್ಲಿ ಕೊರೆದ ಮೆಟ್ಟಿಲು ಹಿಡಿದು, ಮೊದಲ ಬಾಗಿಲುಗಳನ್ನು ದಾಟಿ, ಗೋಡೆಯ ನೆರಳಿನಲ್ಲಿ ಕೂರೋಣ. ಮೌನ ಬೇಕೆಂದಿರಲ್ಲ, ಅಲ್ಲಿ ಗಾಳಿಯೂ ಮೌನವೂ ಎರಡೂ ಇವೆ. ಸೀನಾಯಿಯನ್ನೂ ಹೋರೇಬನ್ನೂ ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ. ಹುಲ್ಲಿಲ್ಲ, ಮಂಜಿಲ್ಲ, ಬರೀ ಬಂಡೆ. ಎಲೀಯನು ಆ ಮೆಲುದನಿಯನ್ನು ಕೇಳಿದ್ದು ಅಂಥದೊಂದು ಗವಿಯ ಬಾಯಲ್ಲಿ ನಿಂತು. ಹಬಕ್ಕೂಕನು ಬುರುಜಿನ ಮೇಲೆ ಕಾವಲು ನಿಂತಿದ್ದಾಗ ಬಂದ ಅಪ್ಪಣೆಯೂ ಬರೆಯುವವರಿಗೆ ಸೇರಿದ್ದೇ: ಓಡುವವನಿಗೂ ಓದಲು ಬರುವಷ್ಟು ಸ್ಪಷ್ಟವಾಗಿ ಹಲಗೆಯ ಮೇಲೆ ಬರೆ ಎಂಬುದು. ಬುರುಜು ಎಂದರೆ ಏನೆಂದು ವಿವರಿಸುವ ಅಗತ್ಯವೇ ಇಲ್ಲದ ಜಾಗದಲ್ಲಿ ಆ ಅಧ್ಯಾಯ ಓದಬೇಕೆಂಬುದು ನನ್ನ ಬಹುದಿನದ ಆಸೆ.

ಸಂಕ್ರಾಂತಿಯ ಹಿಂದೆಮುಂದೆ ಬನ್ನಿ. ಆಗ ರಾಗಿ ಒಕ್ಕಣೆ ಇನ್ನೂ ಅಲ್ಲಲ್ಲಿ ನಡೆಯುತ್ತಿರುತ್ತದೆ. ಈಗ ಟಾರು ರಸ್ತೆಯ ಮೇಲೆ ಹರವಿ ಬಸ್ಸು ಲಾರಿಗಳ ಚಕ್ರಕ್ಕೆ ಒಕ್ಕಲು ಬಿಡುವವರೇ ಹೆಚ್ಚು. ಆದರೂ ಕಣ ಮಾಡಿ, ಗಾಳಿ ನೋಡಿ, ಮೊರ ಎತ್ತಿ ತೂರುವ ಮನೆಗಳು ಕೊರಟಗೆರೆ ಕಡೆ ಇವೆ. ರೂತಳು ಬೋವಜನ ಕಣಕ್ಕೆ ಹೋದ ರಾತ್ರಿಯನ್ನು, ಸ್ನಾನಿಕನಾದ ಯೋಹಾನನ ಮಾತಿನಲ್ಲಿ ಬರುವ ಮೊರವನ್ನು ಬೆಂಗಳೂರಿನಲ್ಲಿ ಹುಟ್ಟಿದ ನಮ್ಮ ಬರಹಗಾರರು ಒಮ್ಮೆ ಕೈಯಾರೆ ಹಿಡಿದು ನೋಡಲಿ. ಹೊಟ್ಟು ಕಣ್ಣಿಗೆ ಬೀಳುತ್ತದೆ, ಮೈ ಕೆರೆಯುತ್ತದೆ. ಜಯಮಂಗಲಿ ಆ ಹೊತ್ತಿಗೆ ಬಹುಪಾಲು ಮರಳಾಗಿರುತ್ತಾಳೆ. ನದಿ ಎಂದು ನಾವು ಕರೆಯುವುದನ್ನು ನೀವು ದಾಟುವಾಗ ಕಾಲು ಒದ್ದೆಯಾಗದೆ ಇರಬಹುದು. ಮಳೆಗಾಲಕ್ಕೆ ಮಾತ್ರ ತುಂಬಿ ಬೇಸಗೆಗೆ ಬತ್ತುವ ತೊರೆಗಳ ಮಾತು ಯೋಬನ ಪುಸ್ತಕದಲ್ಲಿ ಬರುತ್ತದೆ. ಅದರ ವ್ಯಾಖ್ಯಾನಕ್ಕೆ ಬೇರೆ ಪುಸ್ತಕ ಬೇಡ.

ಶಿರಾದಲ್ಲಿ ಒಂದು ರಾತ್ರಿ ಉಳಿಯಲೇಬೇಕು. ಹಗಲು ಕಗ್ಗಲಡು ಊರಿಗೆ ಹೋಗಿ ಬರಬಹುದು. ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ, ಊರವರು ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ. ಆದರೆ ನಾನು ಹೇಳುತ್ತಿರುವುದು ರಾತ್ರಿಯ ವಿಷಯ. ಕಾಡುಗೊಲ್ಲರ ಹಿರಿಯರು ಗಣೆ ಊದಿ ಜುಂಜಪ್ಪನ ಕಾವ್ಯ ಹಾಡುವುದನ್ನು ನಾನು ಹುಡುಗಿಯಾಗಿದ್ದಾಗ ದೂರದಿಂದ ಕೇಳಿದ್ದೇನೆ. ಅದು ದನ ಕಾಯುವ ವೀರನೊಬ್ಬನ ಕಥೆ. ಎಲ್ಲೂ ಬರೆದುಕೊಳ್ಳದೆ, ತಲೆಯಿಂದ ತಲೆಗೆ ಉಳಿದುಬಂದದ್ದು. ಅವರ ನಂಬಿಕೆ ಅವರದು, ನಮ್ಮದು ನಮ್ಮದು. ನಾವು ಕೇಳಬೇಕಾದದ್ದು ಆ ಭಾಷೆಯನ್ನು. ಕುರಿ ಕಾಯುವವನಾಗಿದ್ದು ಹಾಡುಗಾರನಾದ ದಾವೀದನನ್ನು ನಾವು ಕನ್ನಡದಲ್ಲಿ ಬರೆಯುವಾಗ ಎಷ್ಟು ಪೇಲವವಾಗಿ ಬರೆಯುತ್ತೇವೆ! ಇಂಗ್ಲಿಷಿನಿಂದ ಇಳಿಸಿದ ಕರಪತ್ರಗಳನ್ನು ಓದಿ ಓದಿ ನಮ್ಮ ಕುರುಬನ ಕೈಯಲ್ಲಿ ಕೋಲಿಲ್ಲ, ಹೆಗಲ ಮೇಲೆ ಕಂಬಳಿಯಿಲ್ಲ, ನಾಯಿಯನ್ನು ಕರೆಯುವ ಕೂಗಿಲ್ಲ. ಹಳೆಯ ಅನುವಾದಕರು ಹಾಗೆ ಮಾಡಲಿಲ್ಲ. ಅವರು ದಾವೀದನ ಕೈಗೆ ಕಿನ್ನರಿ ಕೊಟ್ಟರು. ಕಿನ್ನರಿ ಜೋಗಿಗಳ ಕೈಯಲ್ಲಿ ನಮ್ಮ ಹಳ್ಳಿಗಳ ಜನ ಕಂಡಿದ್ದ ವಾದ್ಯ. ಅಂಥ ಒಂದು ಪದ ಆರಿಸಲು ಎಷ್ಟು ಮನೆಬಾಗಿಲಲ್ಲಿ ನಿಂತು ಕೇಳಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ.

ಪಾವಗಡವನ್ನು ಕೊನೆಗೆ ಇಟ್ಟಿದ್ದೇನೆ. ಮೂರು ಕಡೆಯಿಂದ ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕು. ನಮ್ಮ ಸಭೆಗಳಲ್ಲಿ ಹಾಡು ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ, ಯಾರಿಗೂ ಅದು ಗಮನಕ್ಕೇ ಬರುವುದಿಲ್ಲ. ತಿರುಮಣಿಯ ಸುತ್ತಿನ ಐದು ಊರುಗಳ ನೆಲದಲ್ಲಿ ಈಗ ಸುಮಾರು 13,000 ಎಕರೆ ಸೋಲಾರ್ ಪಾರ್ಕು ಹಬ್ಬಿದೆ. 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ಶೇಂಗಾ ಬಿತ್ತಿ ಮುಗಿಲು ನೋಡುತ್ತಿದ್ದ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ನೆಲವಿದ್ದವರಿಗೆ ಅದರಿಂದ ನೆಮ್ಮದಿ ಬಂತು, ನಾನು ಅಲ್ಲಗಳೆಯುವುದಿಲ್ಲ. ಆ ನೆಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಯಾವ ಗುತ್ತಿಗೆ ಹಣ? ಹಕ್ಕಲು ಆರಿಸುವವರಿಗಾಗಿ ಹೊಲದ ಮೂಲೆ ಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರ ಹೇಳಿದೆಯಲ್ಲ, ಗಾಜಿನ ಹೊಲಕ್ಕೆ ಮೂಲೆ ಯಾವುದು? ಕ್ರೈಸ್ತ ಬರಹಗಾರರು ಬರೆಯಬೇಕಾದ ಪ್ರಶ್ನೆ ಇದು ಎಂದು ನನಗೆ ಅನ್ನಿಸುತ್ತದೆ. ತೆಕೋವದ ಕುರಿಗಾಹಿ, ಅತ್ತಿಮರ ನೋಡಿಕೊಳ್ಳುವ ಆಮೋಸ ಇಂಥದ್ದನ್ನೇ ಬರೆದ. ಅವನೂ ಒಣಸೀಮೆಯವನು.

ಇಸಾಕನ ಕಥೆಯನ್ನು ಅಲ್ಲಿಯೇ ಓದೋಣ. ಅವನ ಅಪ್ಪ ತೋಡಿಸಿದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರು. ಅವನು ಹೊಸ ದೇಶ ಹುಡುಕಲಿಲ್ಲ. ಮುಚ್ಚಿಹೋದ ಅವೇ ಬಾವಿಗಳನ್ನು ಮತ್ತೆ ತೋಡಿಸಿ, ಅಪ್ಪ ಇಟ್ಟ ಹೆಸರುಗಳನ್ನೇ ಇಟ್ಟ. ನಾನು ಪಾಠ ಹೇಳುತ್ತಿದ್ದ ಒಂದು ಹಳ್ಳಿಯಲ್ಲಿ ಮೆಟ್ಟಿಲು ಬಾವಿಯೊಂದಿದೆ. ಬೋರುಗಳು ಬಂದ ಮೇಲೆ ಕಸ ಹಾಕಿ ಹಾಕಿ ತುಂಬಿಹೋಗಿದೆ. ಅದಕ್ಕೆ ಒಂದು ಹೆಸರಿತ್ತಂತೆ. ಊರಿನಲ್ಲಿ ಒಬ್ಬ ಅಜ್ಜಿಗೆ ಮಾತ್ರ ಅದು ಗೊತ್ತು. ಮಳೆಗೆ, ಮಣ್ಣಿಗೆ, ಬೀಜದ ಬಗೆಗೆ, ಬರಗಾಲದ ಗೆಡ್ಡೆಗೆ ಅವರ ಬಾಯಲ್ಲಿ ಇರುವ ಮಾತುಗಳನ್ನು ನಾನು ಇನ್ನೂ ಪೂರ್ತಿ ಬರೆದುಕೊಂಡಿಲ್ಲ. ಅವರಿಗೆ ಎಂಬತ್ತಾರು ವರ್ಷ. ಮುಂದಿನ ವರ್ಷ ಎಂದು ನೀವು ಹೇಳಿದರೆ ನನಗೆ ಭಯವಾಗುತ್ತದೆ.

ಏರ್ಪಾಟಿನ ಚಿಂತೆ ನಿಮಗೆ ಬೇಡ. ಮಧುಗಿರಿಯಲ್ಲಿ ನಲವತ್ತು ಜನ ಮಲಗುವಷ್ಟು ಜಾಗ ಹೊಂದಿಸುತ್ತೇವೆ. ಶುಲ್ಕ ಬೇಡ, ಬಂದವರು ಅಕ್ಕಿಯನ್ನೋ ಬೇಳೆಯನ್ನೋ ತಂದರೆ ಸಾಕು. ಗೋಷ್ಠಿಗಳು ಕನ್ನಡದಲ್ಲಿ ನಡೆಯಲಿ, ಇಂಗ್ಲಿಷಿನವರಿಗೆ ಪಕ್ಕದಲ್ಲಿ ಕೂತು ಹೇಳಿಕೊಡೋಣ. ಅವರೆಕಾಯಿಯ ಕಾಲ, ಮುದ್ದೆಗೆ ಹಿತಕಿದ ಅವರೆಬೇಳೆ ಸಾರು ಮಾಡುತ್ತೇವೆ. ಕೇತಿಯ ಕಡೆಯ ಆ ಬಡಗ ಅಕ್ಕನನ್ನೂ ಅವರ ಮಗಳನ್ನೂ ದಯವಿಟ್ಟು ಕರೆತನ್ನಿ, ಅವರ ಬಸ್ಸಿನ ಖರ್ಚು ನನ್ನದು. ಅವರ ಹಟ್ಟಿಯ ಮಾತನ್ನು ನಮ್ಮ ಗೊಲ್ಲರಹಟ್ಟಿಯ ಮುದುಕರು ಕೇಳಬೇಕು.

ಸಂಕ್ರಾಂತಿಯ ರಾತ್ರಿಗಳು ನಮ್ಮಲ್ಲೂ ಚಳಿಯೇ. ಹೊದೆಯಲು ಏನೂ ಹೊತ್ತು ತರಬೇಡಿ. ಚಳ್ಳಕೆರೆ ಕಡೆಯ ಕರಿಯ ಕಂಬಳಿಗಳು ಮನೆಮನೆಯಲ್ಲಿವೆ. ಮೊದಲ ರಾತ್ರಿ ಚುಚ್ಚುತ್ತವೆ, ಎರಡನೆಯ ರಾತ್ರಿಗೆ ಒಗ್ಗುತ್ತವೆ.

ನಿಮ್ಮ ಉತ್ತರಕ್ಕೆ ಕಾದಿರುವ,
ಮಧುಗಿರಿ ಸೀಮೆಯ ನಿಮ್ಮ ಸಹೋದರಿ